ಮೂವತ್ತು ವರ್ಷದ ವಾರಂಟಿ, ನಾಲ್ಕು ಮೊಳೆ

ಮಳೆ ಬಂದರೂ ಪಾಠ ನಿಲ್ಲಬಾರದು. ಮಹಡಿಯ ಮೇಲಿನ ಕೋಣೆಗೆ ಹೊಸ ಸೂರು ಹಾಕಿಸುವಾಗ ನಾನು ಕೇಳಿದ್ದು ಅಷ್ಟೇ. ಹನುಮಂತನಗರದ ನಮ್ಮ ಮನೆಯಲ್ಲಿ ಆ ಕೋಣೆಗೆ ಮೊದಲು ತಗಡಿನ ಶೀಟ್ ಇತ್ತು. ನಾಲ್ಕು ಹನಿ ಬಿದ್ದರೆ ಸಾಕು, ವೀಣೆಯ ನಾದ ಎದುರಿಗೆ ಕೂತ ಮಗುವಿಗೂ ಕೇಳುತ್ತಿರಲಿಲ್ಲ. ಏಪ್ರಿಲ್ ಬಂದರೆ ಇನ್ನೊಂದು ಸಂಕಟ. ಶೀಟಿನ ಕಾವಿಗೆ ವೀಣೆಯ ಮೆಟ್ಟಿಲುಗಳನ್ನು ಕೂರಿಸಿದ ಮೇಣವೇ ಮೆತ್ತಗಾಗಿ ಸ್ವರಸ್ಥಾನ ಸರಿದುಹೋಗುತ್ತಿತ್ತು. ಹಾಗಾಗಿ 2019ರ ಡಿಸೆಂಬರ್‌ನಲ್ಲಿ ಶೀಟು ತೆಗೆಸಿ, ಕಬ್ಬಿಣದ ಚೌಕಟ್ಟಿನ ಮೇಲೆ ಪ್ಲೈವುಡ್ ಹೊಡೆಸಿ, ಅದರ ಮೇಲೆ ಆಸ್ಫಾಲ್ಟ್ ಶಿಂಗಲ್ಸ್ ಹಾಕಿಸಿದೆ. ಗಾಜಿನ ನಾರಿನ ಚಾಪೆಗೆ ಡಾಂಬರು ಹಿಡಿಸಿ, ಮೇಲೆ ಬಣ್ಣದ ಕಲ್ಲಿನ ಹರಳು ಅಂಟಿಸಿದ ಹಾಳೆಗಳು ಅವು. 640 ಚದರ ಅಡಿ ಇಳಿಜಾರು. ಚೌಕಟ್ಟು ಬಿಟ್ಟು ಪ್ಲೈ, ಶಿಂಗಲ್ಸ್, ಕೂಲಿ ಸೇರಿ ಚದರ ಅಡಿಗೆ 240 ರೂಪಾಯಿ ಬಿತ್ತು.

ಸಾಮಾನಿನ ಬಗ್ಗೆ ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ತುಂಬಾ ಚೆನ್ನಾಗಿದೆ. ಆರು ಮಳೆಗಾಲ ಕಂಡಿದೆ, ಬಣ್ಣ ಮಾಸಿಲ್ಲ, ಹರಳು ಉದುರಿಲ್ಲ. ಜೋರು ಮಳೆ ಬಂದರೂ ಕೇಳುವುದು ಗೋಣಿಚೀಲದ ಮೇಲೆ ಅಕ್ಕಿ ಸುರಿದಂಥ ಸದ್ದು ಮಾತ್ರ, ಮಂದ್ರದ ತಂತಿ ಕೂಡ ಅದರ ನಡುವೆ ಕೇಳುತ್ತದೆ. ಬಿಸಿಲಿಗೆ ಕಾಯುವುದೇನೋ ನಿಜ. ಕೆಳಗೆ ಕಾವು ತಡೆಯುವ ಕಲ್ಲುನಾರಿನ ಹಾಸು, ಅಂದರೆ ರಾಕ್‌ವೂಲ್ ಕೊಟ್ಟು ಸೀಲಿಂಗ್ ಮಾಡಿಸಿದ ಮೇಲೆ ಸರಿಹೋಯಿತು.

ನಾನು ಇದನ್ನು ಬರೆಯಲು ಕೂತದ್ದು ಅದರ ಜೊತೆ ಬಂದ ಕಾಗದಕ್ಕಾಗಿ. ಶಿಂಗಲ್ಸ್ ಹಾಕಿಸಬೇಕೆಂದಿರುವ ಎಲ್ಲರಿಗೂ ಅಂಗಡಿಯಲ್ಲಿ ಮೊದಲು ತೋರಿಸುವುದು ಅದನ್ನೇ. ‘30 ವರ್ಷ ವಾರಂಟಿ ಮೇಡಂ, ನಿಮ್ಮ ಮೊಮ್ಮಕ್ಕಳ ಕಾಲದವರೆಗೆ ಯೋಚನೆ ಇಲ್ಲ’ ಅಂದರು ನನಗೆ. ಮನೆಗೆ ತಂದು ಕನ್ನಡಕ ಹಾಕಿಕೊಂಡು ಓದಿದರೆ, ಎರಡನೇ ಪುಟದಲ್ಲೇ ಇತ್ತು: ಈ ವಾರಂಟಿ ಅಮೆರಿಕ ಮತ್ತು ಕೆನಡಾದಲ್ಲಿ ಹಾಕಿಸಿದ ಸೂರಿಗೆ ಮಾತ್ರ. ಅಂಗಡಿಯವರು ಇಂಟರ್‌ನೆಟ್‌ನಿಂದ ಇಳಿಸಿ ಪ್ರಿಂಟ್ ಕೊಟ್ಟಿದ್ದರು. ಭಾರತದ ಗ್ರಾಹಕರ ಕಾಗದ ಬೇರೆಯೇ ಇತ್ತು, ಮೂರು ಸಲ ಫೋನ್ ಮಾಡಿದ ಮೇಲೆ ಬಂತು. ಅಡ್ವಾನ್ಸ್ ಕೊಡುವ ಮೊದಲೇ ಇದನ್ನು ಕೇಳಿ, ದಯವಿಟ್ಟು.

ಕಥೆ ಶುರುವಾದದ್ದು 2024ರ ಜೂನ್ 2ರ ಭಾನುವಾರ. ಅವತ್ತು ಬೆಂಗಳೂರಿನಲ್ಲಿ ಒಂದೇ ದಿನ 111.1 ಮಿಲಿಮೀಟರ್ ಮಳೆ ಸುರಿಯಿತು. ಜೂನ್ ತಿಂಗಳ ಒಂದು ದಿನದ ಮಳೆಯಲ್ಲಿ ನಗರದ 133 ವರ್ಷದ ಹಳೆಯ ದಾಖಲೆ ಮುರಿಯಿತಂತೆ. ಗಾಳಿಗೆ ನಮ್ಮ ಸೂರಿನ ಪಶ್ಚಿಮದ ಅಂಚಿನಲ್ಲಿ ಹನ್ನೊಂದು ಶಿಂಗಲ್ಸ್ ಮೇಲೆದ್ದವು. ಎರಡು ಹಾರಿ ಪಕ್ಕದ ಮನೆಯ ತುಳಸಿಕಟ್ಟೆಯ ಹತ್ತಿರ ಬಿದ್ದಿದ್ದವು. ನೀರು ಪ್ಲೈ ನೆನೆಸಿ, ಸೀಲಿಂಗ್ ತೋಯಿಸಿ, ವೀಣೆಗಳಿಡುವ ಮೂಲೆಗೇ ಇಳಿಯಿತು. ಹಲಸಿನ ಮರದ ಕೊಡಕ್ಕೆ ನೀರು ತಗುಲಿದರೆ ಏನಾಗುತ್ತದೆಂದು ವೀಣೆ ನುಡಿಸುವವರಿಗೆ ಹೇಳಬೇಕಿಲ್ಲ. ನಮ್ಮ ಅಮ್ಮನ ವೀಣೆಯನ್ನು ಸೀರೆಯಲ್ಲಿ ಸುತ್ತಿಕೊಂಡು ಕೆಳಗೆ ಇಳಿದದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಸೂರಿಗೆ ಆಗಿದ್ದುದು ನಾಲ್ಕೂವರೆ ವರ್ಷ. ಕಾಗದದ ಪ್ರಕಾರ ಮೊದಲ 5 ವರ್ಷ ಪೂರ್ತಿ ಪರಿಹಾರ. ಗಾಳಿಗೆ ಹಾರಿದರೂ 5 ವರ್ಷ ಜವಾಬ್ದಾರಿ. ಹಣ ಬಂದೇ ಬರುತ್ತದೆ ಅಂದುಕೊಂಡೆ.

ಕಂಪನಿಯ ಕಡೆಯಿಂದ ಬಂದ ಹುಡುಗ ಮರ್ಯಾದಸ್ಥ. ಏಣಿ ಹತ್ತಿ, ಎದ್ದ ಹಾಳೆಗಳನ್ನು ಒಂದೊಂದಾಗಿ ಎತ್ತಿ ನೋಡಿ, ನನ್ನನ್ನೇ ಕರೆದು ತೋರಿಸಿದ. ಪ್ರತಿ ಶಿಂಗಲ್‌ನ ಅಡ್ಡಕ್ಕೆ ಮೊಳೆ ಹೊಡೆಯುವ ಗೆರೆ ಎಂದು ಒಂದಿರುತ್ತದೆ. ಅಲ್ಲಿ ಹೊಡೆದರೆ ಮೊಳೆ ಕೆಳಗಿನ ಸಾಲಿನ ತಲೆಯನ್ನೂ ಹಿಡಿದುಕೊಳ್ಳುತ್ತದೆ. ನಮ್ಮ ಮೊಳೆಗಳು ಗೆರೆಗಿಂತ ಎರಡು ಬೆರಳು ಮೇಲಿದ್ದವು. ಒಂದೊಂದು ಹಾಳೆಗೆ ನಾಲ್ಕೇ ಮೊಳೆ, ಅದರಲ್ಲೂ ಕೆಲವು ತಲೆ ಹೂತು ಹಾಳೆಯನ್ನೇ ಸೀಳಿದ್ದವು. ‘ಹಾಳೆಯಲ್ಲಿ ದೋಷ ಇಲ್ಲ ಅಮ್ಮ, ಹೊಡೆದ ಕೈಯಲ್ಲಿ ದೋಷ’ ಅಂದ. ಹಾಕಿದ ಕೆಲಸಗಾರರನ್ನು ಕೇಳಿದರೆ, ‘ಕಂಪನಿ 30 ವರ್ಷ ಕೊಟ್ಟಿದೆಯಲ್ಲ, ಅವರನ್ನೇ ಕೇಳಿ’ ಅಂದರು. ಎರಡು ವಾರ ಹೀಗೇ ಆ ಕಡೆ ಈ ಕಡೆ ಓಡಾಡಿದೆ.

ನನ್ನನ್ನು ಉಳಿಸಿದ್ದು ಒಂದು ಪ್ಲಾಸ್ಟಿಕ್ ಹೊದಿಕೆ. ಶಿಂಗಲ್ಸ್ ಕಟ್ಟುಗಳು ಸುತ್ತಿ ಬಂದಿದ್ದ ಹೊದಿಕೆಗಳಲ್ಲಿ ಒಂದನ್ನು ಸ್ವರಲಿಪಿ ಪುಸ್ತಕಗಳಿಗೆ ಧೂಳು ಕೂರದಿರಲೆಂದು ಇಟ್ಟುಕೊಂಡಿದ್ದೆ. ಹಾಕುವ ವಿಧಾನ ಪೂರ್ತಿ ಅದರ ಮೇಲೇ ಅಚ್ಚಾಗಿತ್ತು, ಚಿತ್ರ ಸಮೇತ: ಗೆರೆ ಎಲ್ಲಿ, ಮಾಮೂಲು ಜಾಗಕ್ಕೆ ನಾಲ್ಕು ಮೊಳೆ, ಗಾಳಿ ಜಾಸ್ತಿ ಇರುವ ಕಡೆ ಆರು. ಬ್ಯಾಚ್ ನಂಬರೂ ಅದರ ಮೇಲೇ ಇತ್ತು, ಕಂಪನಿ ಮೊದಲು ಕೇಳಿದ್ದೇ ಅದನ್ನು. ವಾರಂಟಿಯಲ್ಲಿ ‘ಹೊದಿಕೆಯ ಮೇಲೆ ಮುದ್ರಿಸಿದ ಸೂಚನೆಯಂತೆ ಹಾಕಿದ್ದರೆ ಮಾತ್ರ’ ಎಂಬ ಮಾತಿದೆ. ಆ ಹೊದಿಕೆಯನ್ನೇ ಕೆಲಸದವರು ಸಂಜೆ ಗುಡ್ಡೆ ಹಾಕಿ ಸುಟ್ಟುಬಿಡುತ್ತಾರೆ. ನಿಮ್ಮ ಮನೆಯಲ್ಲಿ ಕೆಲಸ ನಡೆಯುವಾಗ ಒಂದನ್ನಾದರೂ ಎತ್ತಿಡಿ. ಅದನ್ನು ಕೈಯಲ್ಲಿ ಹಿಡಿದು ಅರ್ಧ ಗಂಟೆ ಏಣಿಯ ಹತ್ತಿರ ನಿಂತುಕೊಳ್ಳಿ.

ಗಾಳಿಯ ಲೆಕ್ಕವನ್ನು ನನಗೆ ಬಿಡಿಸಿ ಹೇಳಿದ್ದು ಸಿವಿಲ್ ಎಂಜಿನಿಯರ್ ಆಗಿರುವ ನನ್ನ ತಂಗಿಯ ಮಗ. ನನ್ನ ಕಾಗದದಲ್ಲಿ ಗಂಟೆಗೆ 60 ಮೈಲಿ, ಅಂದರೆ ಸುಮಾರು 96 ಕಿಲೋಮೀಟರ್‌ವರೆಗಿನ ಗಾಳಿಗೆ ಮಾತ್ರ ವಾರಂಟಿ. ಕಟ್ಟಡಗಳಿಗೆ ನಮ್ಮ ದೇಶದ ಮಾನದಂಡವಾದ ಐಎಸ್ 875ರ ಮೂರನೇ ಭಾಗದಲ್ಲಿ ಬೆಂಗಳೂರಿಗೆ ಕೊಟ್ಟಿರುವ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್. ಗಂಟೆಗೆ ಹೆಚ್ಚುಕಡಿಮೆ 119 ಕಿಲೋಮೀಟರ್ ಆಯಿತು. ಕಟ್ಟಡ ಕಟ್ಟುವವರು ಲೆಕ್ಕಕ್ಕೆ ಹಿಡಿಯಬೇಕಾದ ಗಾಳಿಗಿಂತ ನನ್ನ ವಾರಂಟಿಯ ಗಾಳಿ ಕಡಿಮೆ! ಎರಡು ಮೂರು ಪದರದ ದಪ್ಪ ಶಿಂಗಲ್ಸ್‌ಗೆ, ಆರು ಮೊಳೆ ಮತ್ತು ಅಂಚಿನಲ್ಲಿ ಮೊದಲ ಸಾಲಿನ ಅಡಿಗೆ ಹಾಕುವ ಸ್ಟಾರ್ಟರ್ ಪಟ್ಟಿ ಸಮೇತ ಹಾಕಿದರೆ, 110 ಮೈಲಿ, 130 ಮೈಲಿವರೆಗೆ ಕೊಡುವ ಕಂಪನಿಗಳಿವೆ. ಬೆಲೆ ಸ್ವಲ್ಪ ಜಾಸ್ತಿ. ಇವತ್ತು ಹಾಕಿಸುವುದಾದರೆ ನಾನು ಅದನ್ನೇ ಹಾಕಿಸುತ್ತೇನೆ.

‘30 ವರ್ಷ’ ಎಂಬುದರ ಬೆಲೆಯನ್ನೂ ಒಮ್ಮೆ ಕೂತು ಲೆಕ್ಕ ಹಾಕಿದೆ. 5 ವರ್ಷದ ನಂತರ ಪರಿಹಾರ ತಿಂಗಳ ಲೆಕ್ಕದಲ್ಲಿ ಕರಗುತ್ತದೆ. ಒಟ್ಟು 360 ತಿಂಗಳು. ಹದಿನೈದನೇ ವರ್ಷ ಹಾಳೆ ತಾನಾಗಿ ಬಿರುಕು ಬಿಟ್ಟಿತು ಅನ್ನಿ, 180 ತಿಂಗಳು ಕಳೆದಿದೆ, ಅರ್ಧ ಬರುತ್ತದೆ. ಅದೂ ಶಿಂಗಲ್ಸ್‌ಗೆ ನಾನು ಅಂದು ಕೊಟ್ಟ ಬೆಲೆಯ ಅರ್ಧ. ಚದರ ಅಡಿಗೆ 85ರಂತೆ 54,400 ಕೊಟ್ಟಿದ್ದೆ, 27,200 ಸಿಗುತ್ತದೆ. ಹಳೆಯದನ್ನು ಕೀಳುವ ಕೂಲಿ, ಸಾಗಿಸುವ ಲಾರಿ, ಹೊಸ ಪ್ಲೈ, ಹೊಡೆಯುವ ಕೂಲಿ ಎಲ್ಲ ನನ್ನದೇ. ಕೆಲವು ಕಾಗದಗಳಲ್ಲಿ ‘ಲೈಫ್‌ಟೈಮ್’ ಅಂತ ಇರುತ್ತದೆ. ಅದು ಸೂರಿನ ಆಯುಸ್ಸಲ್ಲ. ಮೊದಲು ಹಾಕಿಸಿದ ಮಾಲೀಕರ ಕೈಯಲ್ಲಿ ಮನೆ ಇರುವಷ್ಟು ಕಾಲ ಎಂದು ಅರ್ಥ. ಮನೆ ಟ್ರಸ್ಟ್ ಅಥವಾ ಕಂಪನಿಯ ಹೆಸರಿನಲ್ಲಿದ್ದರೆ ಅದಕ್ಕೆ ಬೇರೆ ವರ್ಷದ ಮಿತಿ ಹಾಕಿರುತ್ತಾರೆ.

ನನಗೆ ಹೆಸರಿನ ವಿಷಯದಲ್ಲೂ ಪೆಟ್ಟು ಬಿತ್ತು. ಬಿಲ್ ಗುತ್ತಿಗೆದಾರರ ಹೆಸರಿನಲ್ಲಿತ್ತು. ಮೂಲ ಖರೀದಿದಾರರು ನಾನೇ ಎಂದು ತೋರಿಸಲು ಖಾತಾ ಪ್ರತಿ, ಬ್ಯಾಂಕಿನಿಂದ ಹಣ ಹೋದ ದಾಖಲೆ ಎಲ್ಲ ಕೊಡಬೇಕಾಯಿತು.

ಒಂದಕ್ಕೆ ಪರಿಹಾರ ಸಿಕ್ಕಿತು, ಅದನ್ನೂ ಹೇಳಬೇಕು. ಉತ್ತರದ ಇಳಿಜಾರಿನಲ್ಲಿ ಮಸಿ ಬಳಿದಂತೆ ಕಪ್ಪು ಗೆರೆಗಳು ಇಳಿದಿದ್ದವು. ನಾನು ಧೂಳು ಅಂದುಕೊಂಡಿದ್ದೆ. ಅದು ಗ್ಲಿಯೋಕ್ಯಾಪ್ಸಾ ಮ್ಯಾಗ್ಮಾ ಎಂಬ ಸೂಕ್ಷ್ಮಜೀವಿಯಂತೆ, ಹಾಳೆಯೊಳಗಿನ ಸುಣ್ಣಕಲ್ಲಿನ ಪುಡಿಯನ್ನು ತಿಂದು ಬೆಳೆಯುತ್ತದೆ. ಅದಕ್ಕೆ 10 ವರ್ಷದ ಪ್ರತ್ಯೇಕ ವಾರಂಟಿ ಇತ್ತು. ತೊಳೆಸಿದ ಖರ್ಚಿನಲ್ಲಿ ಒಂದು ಪಾಲು ಕೊಟ್ಟರು. ಹಿಂದಿನ ಹೊಂಗೆ ಮರದ ಎಲೆ ಕೊಳೆತು ಕಟ್ಟಿದ್ದ ಹಸಿರು ಪಾಚಿಗೆ ಕೊಡಲಿಲ್ಲ, ಅದು ನ್ಯಾಯವೇ. ತೊಳೆಯುವಾಗ ಪ್ರೆಷರ್ ಪಂಪ್ ಮಾತ್ರ ಹಚ್ಚಬೇಡಿ, ಹರಳು ಕಿತ್ತುಹೋಗುತ್ತದೆ, ವಾರಂಟಿಯೂ ಅದರ ಜೊತೆಗೇ ಹೋಗುತ್ತದೆ. ಬ್ಲೀಚ್ ದ್ರಾವಣಕ್ಕೆ ಅಷ್ಟೇ ನೀರು ಬೆರೆಸಿ ಹಚ್ಚಿ, 15–20 ನಿಮಿಷ ಬಿಟ್ಟು, ತೋಟದ ಪೈಪಿನಲ್ಲಿ ಮೆಲ್ಲಗೆ ತೊಳೆಸಿದೆವು. ಕೆಳಗಿನ ಗಿಡಗಳಿಗೆ ಮೊದಲೇ ನೀರು ಹಾಕಿ ಮುಚ್ಚಿದ್ದೆವು.

ಕಂಪನಿಯ ಆ ಹುಡುಗ ಇನ್ನೊಂದು ವಿಷಯವನ್ನೂ ಬರೆದುಕೊಂಡ: ಸೂರಿನ ಕೆಳಗೆ ಗಾಳಿಯಾಡಲು ದಾರಿಯೇ ಇಲ್ಲ. 150 ಚದರ ಅಡಿ ನೆಲಕ್ಕೆ 1 ಚದರ ಅಡಿ ಗಾಳಿಕಿಂಡಿ ಬೇಕೆಂಬುದು ರೂಢಿಯ ಲೆಕ್ಕ, ನನ್ನ ಕೋಣೆಗೆ ಸುಮಾರು 4 ಚದರ ಅಡಿ ಬೇಕಿತ್ತು. ಸೀಲಿಂಗ್ ಮಾಡಿಸುವಾಗ ಯಾರೂ ಹೇಳಲಿಲ್ಲ.

ಕೊನೆಗೆ ಕೆಲಸಗಾರರಿಗೆ ರಿಜಿಸ್ಟರ್ಡ್ ಪತ್ರ ಬರೆದೆ. ಮೊಳೆಯ ಫೋಟೋ, ಹೊದಿಕೆಯ ಫೋಟೋ, ಕಂಪನಿಯ ವರದಿ ಲಗತ್ತಿಸಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಎರಡು ವರ್ಷದೊಳಗೆ ದೂರು ಕೊಡುವ ಹಕ್ಕು ನನಗಿದೆ, ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ ಎಂದು ಸ್ಪಷ್ಟವಾಗಿ ಬರೆದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದಾರಿ ಕೇಳಿಕೊಂಡಿದ್ದೆ. ಹನ್ನೆರಡನೇ ದಿನ ಅವರೇ ಬಂದರು. ಪಶ್ಚಿಮದ ಇಳಿಜಾರು ಪೂರ್ತಿ ಕಿತ್ತು, ತಮ್ಮ ಕೂಲಿಯಲ್ಲಿ, ಹಾಳೆಗೆ ಆರು ಮೊಳೆಯಂತೆ ಗೆರೆಯ ಮೇಲೆ ಹೊಡೆದುಕೊಟ್ಟರು. ಶಿಂಗಲ್ಸ್ ನಾನು ತಂದೆ. ಕೆಲಸಕ್ಕೆ 5 ವರ್ಷದ ಹೊಣೆ ಎಂದು ಛಾಪಾಕಾಗದದಲ್ಲಿ ಬರೆಸಿಕೊಂಡೆ. ಈಗ ನಾನು ಹೆಚ್ಚು ನಂಬಿರುವುದು ಆ ಒಂದು ಪುಟದ ಕಾಗದವನ್ನು.

ಸೋಲಾರ್ ಹೀಟರನ್ನು ಸಮತಟ್ಟಾದ ತಾರಸಿಯಲ್ಲೇ ಉಳಿಸಿಕೊಂಡಿದ್ದೇನೆ. ಶಿಂಗಲ್ಸ್ ಮೇಲೆ ರಂಧ್ರ ಕೊರೆದು ಏನನ್ನಾದರೂ ಕೂರಿಸಿದರೆ ಅಲ್ಲಿಂದಾಗುವ ಸೋರಿಕೆ ವಾರಂಟಿಯಿಂದ ಹೊರಗೆ. ಮುಂದಿನ ವರ್ಷ ಮನೆಯನ್ನು ಮಗಳ ಹೆಸರಿಗೆ ಮಾಡಬೇಕೆಂದಿದ್ದೇನೆ. ವಾರಂಟಿಯನ್ನು ಒಂದೇ ಸಲ ವರ್ಗಾಯಿಸಬಹುದು, ಅದಕ್ಕೆ ನೋಂದಣಿಯಾದ 60 ದಿನದೊಳಗೆ ಕಂಪನಿಗೆ ಪತ್ರ ಹಾಕಬೇಕು. ಪತ್ರ ಈಗಲೇ ಬರೆದು, ತಾರೀಖಿನ ಜಾಗ ಖಾಲಿ ಬಿಟ್ಟು, ಹೊದಿಕೆಯ ಜೊತೆ ತಂತಿಗಳ ಡಬ್ಬಿಯಲ್ಲಿ ಇಟ್ಟಿದ್ದೇನೆ.