ಎಡಗಡೆ ತುಕ್ಕು, ಬಲಗಡೆ ಗಟ್ಟಿ: ಸೆಕೆಂಡ್ ಹ್ಯಾಂಡ್ ಸ್ವಿಫ್ಟ್ ಡೀಸೆಲ್ ಜೊತೆ ಆರು ವರ್ಷ

ಗಾಡಿ ಮಾರುತಿ ಸುಜುಕಿ ಸ್ವಿಫ್ಟ್ ವಿಡಿಐ, 2012ರ ಮಾಡೆಲ್. ನಾನು ಕೊಂಡದ್ದು 2018ರಲ್ಲಿ, 58,000 ಕಿ.ಮೀ. ಓಡಿದ ಮೇಲೆ. ಕೊಟ್ಟದ್ದು 3 ಲಕ್ಷ 90 ಸಾವಿರ. ಇದನ್ನು ಬರೆಯುವಾಗ 2024, ಮೀಟರ್ 1,31,000 ದಾಟಿದೆ. ಓಡಾಟ ಹೆಚ್ಚಾಗಿ ಕುಂದಾಪುರ, ಬೈಂದೂರು, ಉಡುಪಿ ಕಡೆ. ಅಂದರೆ ಸಮುದ್ರದ ಗಾಳಿ, ವರ್ಷಕ್ಕೆ ನಾಲ್ಕು ತಿಂಗಳು ಬಿಡದ ಮಳೆ.

2023ರ ಆಗಸ್ಟ್‌ನಲ್ಲಿ ಮರವಂತೆ ಹತ್ತಿರ ಎಡಗಡೆಯ ಹಿಂದಿನ ಟೈರ್ ಪಂಕ್ಚರ್ ಆಯಿತು. ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಸೌಪರ್ಣಿಕಾ ಹೊಳೆ, ನಡುವೆ ಹೆದ್ದಾರಿ. ಮಳೆ ಸ್ವಲ್ಪ ಬಿಟ್ಟಿತ್ತು. ಬಾಗಿಲುಗಳ ಕೆಳಗಿನ ಪಟ್ಟಿ, ಅಂದರೆ ರನ್ನಿಂಗ್ ಬೋರ್ಡಿನ ಕೆಳಗೆ ಜಾಕ್ ಕೊಡುವ ಜಾಗಕ್ಕೇ ಸರಿಯಾಗಿ ಕೊಟ್ಟು ತಿರುಗಿಸಿದೆ. ಗಾಡಿ ಏಳಲಿಲ್ಲ. ಒಣ ಎಲೆ ತುಳಿದ ಹಾಗೆ ಕರಕರ ಸದ್ದು ಬಂತು. ಬಗ್ಗಿ ನೋಡಿದರೆ ಜಾಕಿನ ತಲೆ ತಗಡಿನ ಒಳಗೆ ಹೋಗಿದೆ. ಬೆರಳು ಹಾಕಿದೆ. ಕೈಗೆ ಬಂದದ್ದು ಕೆಂಪು ಹಕ್ಕಳೆ, ಅದರ ಜೊತೆ ತಗ್ಗು ತುಂಬಲು ಮೆತ್ತುವ ಪುಟ್ಟಿಯ ಒದ್ದೆ ತುಂಡು.

ಅದರ ಮೇಲೆಯೇ ಹಿಂದಿನ ಸೀಟು. ಅಮ್ಮ ಯಾವಾಗಲೂ ಕೂರುವುದು ಅಲ್ಲಿಯೇ, ಎಡಗಡೆ ಕಿಟಕಿ ಪಕ್ಕ. ಆ ಹೊತ್ತಿಗೆ ನನಗೆ ದುಡ್ಡಿನ ಯೋಚನೆ ಬರಲಿಲ್ಲ. ಐದು ವರ್ಷ ಅವರನ್ನು ಇದರ ಮೇಲೆ ಕೂರಿಸಿಕೊಂಡು ಓಡಿಸಿದೆನಲ್ಲ ಅನ್ನುವುದೊಂದೇ ಬಂತು.

ಸುಳಿವು ಮೊದಲೇ ಇತ್ತು. 2021ರಲ್ಲಿ ಅದೇ ಪಕ್ಕ, ಚಕ್ರದ ಕಮಾನಿನ ಹತ್ತಿರ ಪೇಂಟಿನ ಕೆಳಗೆ ಕಡಲೆಕಾಳಿನಷ್ಟು ದೊಡ್ಡ ಗುಳ್ಳೆಗಳು ಎದ್ದಿದ್ದವು. ಒಬ್ಬರ ಹತ್ತಿರ ಕೊಟ್ಟೆ. ಉಜ್ಜಿ, ಸ್ಪ್ರೇ ಹೊಡೆದು 1,800 ರೂಪಾಯಿ ತೆಗೆದುಕೊಂಡರು. ಎಂಟು ತಿಂಗಳಿಗೆ ಗುಳ್ಳೆ ಮತ್ತೆ ಬಂತು, ಈ ಸಲ ಇನ್ನಷ್ಟು ಅಗಲವಾಗಿ. ಕರಾವಳಿ ಅಲ್ವಾ, ತುಕ್ಕು ಹಿಡಿಯುವುದೇ ಅಂದುಕೊಂಡು ಸುಮ್ಮನಾದೆ. ಅದು ತಪ್ಪು ಲೆಕ್ಕ. ಹೊರಗಿನಿಂದ ಬಂದ ತುಕ್ಕಾದರೆ ಗೀರಿನಲ್ಲಿ, ಕಲ್ಲು ಬಡಿದ ಕಡೆ ಶುರುವಾಗುತ್ತದೆ. ಗೀರಿಲ್ಲದ ಪೇಂಟ್ ಉಬ್ಬಿದರೆ ತುಕ್ಕು ಒಳಗಿನಿಂದ ತಗಡನ್ನು ತಿಂದು ಹೊರಗೆ ಬಂದಿದೆ ಎಂದು ಅರ್ಥ.

ಪಂಕ್ಚರ್ ಆದ ವಾರವೇ ಊರಿನ ಹಳೇ ಟಿಂಕರ್ ಒಬ್ಬರ ಶೆಡ್ಡಿಗೆ ಒಯ್ದೆ. ಅವರು ಮೊದಲು ಗಾಡಿಯ ಸುತ್ತ ಒಂದು ಸುತ್ತು ಬಂದು ಬೆರಳ ಗೆಣ್ಣಿನಿಂದ ತಟ್ಟಿದರು. ಬಲಗಡೆ ಟಣ್ ಅಂತ ತಗಡಿನ ಸದ್ದು. ಎಡಗಡೆ ದಪ್ಪ್ ದಪ್ಪ್. "ಇದು ದೊಡ್ಡ ಪೆಟ್ಟು ತಿಂದ ಗಾಡಿ ಮಾರಾಯ್ರೆ, ನಿಮಗೆ ಹೇಳ್ಲಿಲ್ವಾ?" ಅಂದರು. ಹೇಳಿರಲಿಲ್ಲ. ಮಾರಿದವರು ಹೇಳಿದ್ದು "ಸಣ್ಣ ಗೀರು, ಟಚ್‌ಅಪ್ ಮಾಡಿಸಿದ್ದು" ಅಂತ ಮಾತ್ರ.

ಗ್ರೈಂಡರ್ ಇಟ್ಟು ಬಿಡಿಸುತ್ತಾ ಹೋದಾಗ ಹಳೇ ಕೆಲಸ ಒಂದೊಂದಾಗಿ ಕಂಡಿತು. ಒಳಗೆ ಹೋದ ತಗಡನ್ನು ಪೂರ್ತಿ ಎಳೆದು ಸರಿಮಾಡಿರಲಿಲ್ಲ. ಅದರ ಮೇಲೇ ಇನ್ನೊಂದು ತಗಡು ಇಟ್ಟು ಗ್ಯಾಸ್ ವೆಲ್ಡಿಂಗ್ ಮಾಡಿದ್ದರು, ಅದೂ ಅಲ್ಲಲ್ಲಿ ಮಾತ್ರ. ಉಳಿದ ತಗ್ಗಿಗೆ ಪುಟ್ಟಿ. ಒಂದು ಕಡೆ ಅದರ ದಪ್ಪ ನನ್ನ ಹೆಬ್ಬೆರಳಿನ ಅಗಲದಷ್ಟಿತ್ತು. ಅಷ್ಟೇ ಆಗಿದ್ದರೆ ಇಷ್ಟು ಬೇಗ ಕೊಳೆಯುತ್ತಿರಲಿಲ್ಲವೇನೋ. ರನ್ನಿಂಗ್ ಬೋರ್ಡ್ ಒಂದು ಟೊಳ್ಳು ಪೆಟ್ಟಿಗೆ. ಒಳಗೆ ಸೇರಿದ ನೀರು ಹರಿದು ಹೋಗಲು ಕೆಳಗೆ ಸಣ್ಣ ತೂತುಗಳಿರುತ್ತವೆ. ಆ ತೂತುಗಳನ್ನೇ ಪುಟ್ಟಿ ಮತ್ತು ಅಂಡರ್‌ಬಾಡಿ ಕಪ್ಪು ಬಣ್ಣ ಮುಚ್ಚಿಬಿಟ್ಟಿದ್ದವು. ಒಳಗೆ ಹೋದ ನೀರಿಗೆ ಹೊರಗೆ ಬರಲು ದಾರಿಯೇ ಇರಲಿಲ್ಲ.

ಟಿಂಕರ್ ಇನ್ನೊಂದು ಮಾತು ಬಿಡಿಸಿ ಹೇಳಿದರು. ಫ್ಯಾಕ್ಟರಿಯಲ್ಲಿ ಇಡೀ ಬಾಡಿಯನ್ನು ಪ್ರೈಮರ್ ತೊಟ್ಟಿಯಲ್ಲಿ ಮುಳುಗಿಸುತ್ತಾರೆ. ಕೈ ಹೋಗದ ಟೊಳ್ಳಿನೊಳಗೂ ಪದರ ಹಿಡಿಯುತ್ತದೆ. ವೆಲ್ಡಿಂಗ್ ಬೆಂಕಿ ಆ ಪದರವನ್ನು ಸುಡುತ್ತದೆ. ಆಮೇಲೆ ಹೊರಗೆ ಎಷ್ಟು ಚಂದ ಬಣ್ಣ ಹೊಡೆದರೂ ಒಳಗಿನ ತಗಡು ಬರಿಮೈಯಲ್ಲೇ ಇರುತ್ತದೆ. ಅಲ್ಲಿಗೆ ಉದ್ದ ಪೈಪಿನಿಂದ ಮೇಣದಂಥ ಆ್ಯಂಟಿ ರಸ್ಟ್ ಹೊಡೆಯಲೇಬೇಕು. ನನ್ನ ಗಾಡಿಗೆ ಅದನ್ನು ಹೊಡೆದಿರಲಿಲ್ಲ. ಪುಟ್ಟಿಯೂ ತೇವ ಹೀರುತ್ತದೆ, ಹೀರಿಕೊಂಡು ತಗಡಿಗೆ ಅಂಟಿಕೊಂಡೇ ಕೂರುತ್ತದೆ.

ಬಲಗಡೆಯ ರಬ್ಬರ್ ಬಿರಡೆ ತೆಗೆದು, ಮೊಬೈಲ್ ಟಾರ್ಚ್ ಹಾಕಿ ಒಳಗೆ ನೋಡಿದೆವು. ಸ್ವಲ್ಪ ಕೆಂಪು ಮಣ್ಣು, ಅದರ ಕೆಳಗೆ ಫ್ಯಾಕ್ಟರಿಯ ಬೂದು ಪ್ರೈಮರ್, ಗಟ್ಟಿ ತಗಡು. ಅದೇ ಗಾಡಿ, ಅದೇ ಮಳೆ, ಅದೇ ಉಪ್ಪು ಗಾಳಿ, ಅದೇ ಹನ್ನೊಂದು ವರ್ಷ. ಆ ಕ್ಷಣದಿಂದ ನಾನು ಕರಾವಳಿಯನ್ನು ದೂರುವುದು ಬಿಟ್ಟೆ.

ರಿಪೇರಿಗೆ ಹತ್ತೊಂಬತ್ತು ದಿನ ಹಿಡಿಯಿತು. ಕೊಳೆತದ್ದನ್ನೆಲ್ಲ ಗಟ್ಟಿ ತಗಡು ಸಿಗುವ ತನಕ ಕತ್ತರಿಸಿದರು. ಎರಡು ಬಾಗಿಲುಗಳ ನಡುವಿನ ಕಂಬದ ಬುಡವೂ ಸ್ವಲ್ಪ ಹೋಗಿತ್ತು. ಹೊಸ ಪ್ಯಾನೆಲ್ ತರಿಸಿ, ಕರೆಂಟಿನಲ್ಲಿ ತಂತಿ ಕರಗಿಸಿ ಬೆಸೆಯುವ ಮಿಗ್ ವೆಲ್ಡಿಂಗ್ ಮಾಡಿದರು. ಎಪಾಕ್ಸಿ ಪ್ರೈಮರ್, ಸಂದುಗಳಿಗೆ ಸೀಲರ್, ಆಮೇಲೆ ಪೇಂಟ್, ಕೊನೆಗೆ ಒಳಗೆ ಮೇಣ. ನೀರಿನ ತೂತುಗಳನ್ನು ತಂತಿ ಹಾಕಿ ತೋರಿಸಿದರು. ಒಟ್ಟು 41,500 ರೂಪಾಯಿ. ಇನ್ಶೂರೆನ್ಸ್‌ನಿಂದ ಒಂದು ಪೈಸೆಯೂ ಸಿಗಲಿಲ್ಲ. ಅಪಘಾತಕ್ಕೆ ಕೊಡುತ್ತಾರೆ, ಸವೆತಕ್ಕೆ ಮತ್ತು ತುಕ್ಕಿಗೆ ಕೊಡುವುದಿಲ್ಲ.

ಈ ಮಾಡೆಲ್ ಹುಡುಕುತ್ತಿರುವವರಿಗೆ ನನ್ನ ಮೊದಲ ಮಾತು: ಎಂಜಿನ್ ನೋಡುವ ಮುಂಚೆ ಹಳೇ ಇನ್ಶೂರೆನ್ಸ್ ಪಾಲಿಸಿ ಕೇಳಿ. ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಅಂದರೆ ನೋ ಕ್ಲೇಮ್ ಬೋನಸ್, 20ರಿಂದ ಶುರುವಾಗಿ 50 ಪರ್ಸೆಂಟ್ ತನಕ ಏರುತ್ತದೆ. ಆರು ವರ್ಷದ, ಒಬ್ಬರೇ ಓಡಿಸಿದ ಗಾಡಿಗೆ ಅದು ಸೊನ್ನೆ ಇದ್ದರೆ ಏನೋ ಆಗಿದೆ, ಏನೆಂದು ಕೇಳಲೇಬೇಕು. ನನಗೆ ಕೊಟ್ಟ ಫೈಲಿನಲ್ಲೂ ಸೊನ್ನೆಯೇ ಇತ್ತು. ನಾನು ನೋಡಿದ್ದು ಮುಗಿಯುವ ತಾರೀಕು ಮಾತ್ರ. ಆಮೇಲೆ ಫ್ರಿಜ್ಜಿಗೆ ಅಂಟಿಸುವ ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ. ಬಾಗಿಲು, ಚಕ್ರದ ಕಮಾನು, ರನ್ನಿಂಗ್ ಬೋರ್ಡ್ ಮೇಲೆ ಇಟ್ಟು ನೋಡಿ. ಪುಟ್ಟಿ ದಪ್ಪ ಇದ್ದ ಕಡೆ ಅದು ಹಿಡಿಯುವುದಿಲ್ಲ. ಬಾಗಿಲಿನ ರಬ್ಬರ್ ಸ್ವಲ್ಪ ಎಳೆದರೆ ಕೆಳಗೆ ಸ್ಪಾಟ್ ವೆಲ್ಡಿಂಗಿನ ದುಂಡು ಗುರುತುಗಳು ಸಾಲಾಗಿ ಕಾಣಬೇಕು. ಎರಡು ಪಕ್ಕವನ್ನೂ ಹೋಲಿಸಿ. ಒಂದು ಪಕ್ಕ ಗುರುತು ಇಲ್ಲ ಅಂದರೆ ಅಲ್ಲಿ ಕೈಯಾಡಿಸಿದ್ದಾರೆ. ತೊಳೆದು ಪಾಲಿಶ್ ಮಾಡಿದ ಗಾಡಿಯನ್ನು ಸಂಜೆ ಲೈಟಿನಲ್ಲಿ ನೋಡಲು ಹೋಗಬೇಡಿ.

ಗಾಡಿಯ ಮೇಲೆ ನನಗೆ ಬೇಸರವಿಲ್ಲ. 1248 ಸಿಸಿ ಡೀಸೆಲ್ ಎಂಜಿನ್ ಇವತ್ತಿಗೂ ಸೆಲ್ಫ್ ಕೊಟ್ಟ ತಕ್ಷಣ ಏಳುತ್ತದೆ. ಹೆದ್ದಾರಿಯಲ್ಲಿ ಲೀಟರಿಗೆ 21, ಊರೊಳಗೆ 17 ಕೊಡುತ್ತದೆ. ಟೈಮಿಂಗ್ ಬೆಲ್ಟ್ ಅಲ್ಲ, ಚೈನು. ಹಾಗಾಗಿ ಬೆಲ್ಟ್ ಬದಲಿಸುವ ಖರ್ಚಿಲ್ಲ. ಎರಡು ಸಾವಿರ ಆರ್‌ಪಿಎಂ ಒಳಗೆ ಸ್ವಲ್ಪ ಮಂಕು. ಹುಲಿಕಲ್ ಘಾಟಿಯ ತಿರುವುಗಳಲ್ಲಿ ಗೇರ್ ಇಳಿಸದಿದ್ದರೆ ಎಳೆಯುವುದಿಲ್ಲ. ಕ್ಲಚ್ ಒಮ್ಮೆ, ಸಸ್ಪೆನ್ಶನ್ ಬುಷ್ ಎರಡು ಸಲ ಬದಲಿಸಿದ್ದೇನೆ. ಮಾರುತಿ 2020ರಲ್ಲಿ ಡೀಸೆಲ್ ನಿಲ್ಲಿಸಿದರೂ ಬಿಡಿಭಾಗಕ್ಕೆ ನಾನಿನ್ನೂ ಕಷ್ಟಪಟ್ಟಿಲ್ಲ. ಹಿಂದಿನ ಸೀಟಿನಲ್ಲಿ ಜಾಗ ಕಡಿಮೆ, ಡಿಕ್ಕಿಯೂ ಚಿಕ್ಕದು.

ಐದಕ್ಕೆ ನಾಲ್ಕು ಸ್ಟಾರ್ ಗಾಡಿಗೆ. ಮೊದಲ ರಿಪೇರಿ ಮಾಡಿದವರಿಗೆ ಕೊಡಲು ನನ್ನ ಹತ್ತಿರ ಏನೂ ಇಲ್ಲ. ಆರ್‌ಸಿ 2027ರ ತನಕ ಇದೆ, ಅಲ್ಲಿಯವರೆಗೆ ಮಾರುವ ಯೋಚನೆಯಿಲ್ಲ. ಈ ಮಳೆಗಾಲ ಮುಗಿದ ಮೇಲೆ ಟಿಂಕರ್ ಹತ್ತಿರ ಹೋಗಿ ಎರಡೂ ಕಡೆಯ ಬಿರಡೆ ತೆಗೆಸಿದೆ. ಎಡಗಡೆ ಒಣಗಿತ್ತು. ಮೇಣ ಹಾಗೇ ಇತ್ತು. ಅಮ್ಮ ಮತ್ತೆ ಅದೇ ಸೀಟಿನಲ್ಲಿ ಕೂರುತ್ತಾರೆ.