ಬೆಂಗೇರಿಯ ಖಾದಿ ಬಾವುಟ: ಕೊಳ್ಳುವಾಗ, ಏರಿಸುವಾಗ

ಆಗಸ್ಟ್ 15 ಹತ್ತಿರ ಬಂದರೆ ಸಿಗ್ನಲ್‌ಗಳಲ್ಲೂ ಬಾವುಟ ಸಿಗುತ್ತದೆ. ಶಾಲೆಯ ಕಂಬಕ್ಕೆ ಏರಿಸುವುದಾದರೆ ಮಾತ್ರ ಹುಬ್ಬಳ್ಳಿ ಬೆಂಗೇರಿಯ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಬಾವುಟವನ್ನೇ ತರಿಸಿ. ಬಟ್ಟೆ ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯದು, ಐಎಸ್‌ಐ ಗುರುತೂ ಇದೆ.

ಇದರ ಹೆಚ್ಚುಗಾರಿಕೆ ಅಳತೆಯಲ್ಲಿದೆ. 900×600 ಮಿ.ಮೀ. ಬಾವುಟದಲ್ಲಿ ಒಂದೊಂದು ಪಟ್ಟಿ 200 ಮಿ.ಮೀ., ಚಕ್ರದ ವ್ಯಾಸ 185. ಅಂದರೆ ಚಕ್ರದ ಮೇಲೆ, ಕೆಳಗೆ ಉಳಿಯುವ ಬಿಳಿ ಏಳೂವರೆ ಮಿ.ಮೀ. ಅಷ್ಟೇ. ಬಿಳಿಯ ನಡುವೆ ಬಿಲ್ಲೆಯಂತೆ ಕೂತ ಪುಟ್ಟ ಚಕ್ರ ಕಂಡರೆ ಆ ಬಾವುಟ ಬೇಡ. 1947ರ ಜುಲೈ 22ರಂದು ಸಂವಿಧಾನ ಸಭೆ ಒಪ್ಪಿದ ವಿನ್ಯಾಸದಲ್ಲಿ ಚರಕದ ಜಾಗಕ್ಕೆ ಬಂದದ್ದು ಈ ಚಕ್ರ. 24 ಅರೆಗಳನ್ನು ಎಣಿಸಿ, ಬಟ್ಟೆ ತಿರುವಿ ಹಿಂಬದಿಯಲ್ಲೂ ಪೂರ್ತಿ ಮೂಡಿದೆಯೇ ನೋಡಿ. 20 ಅಡಿ ಕಂಬಕ್ಕೆ 1350×900 ಒಪ್ಪುತ್ತದೆ. 150×100 ಮೇಜಿನ ಮೇಲಿಡುವುದಕ್ಕೆ.

ಕೊರತೆ ಇಲ್ಲದಿಲ್ಲ. ಖಾದಿ ನೀರು ಕುಡಿಯುತ್ತದೆ. ಆಗಸ್ಟ್‌ನ ಜಿಟಿಜಿಟಿ ಮಳೆಗೆ ಭಾರವಾಗಿ ಕಂಬಕ್ಕೆ ಅಂಟಿಕೊಂಡು ನಿಲ್ಲುತ್ತದೆ, ಸಣ್ಣ ಗಾಳಿಗೆ ಅಲ್ಲಾಡುವುದಿಲ್ಲ. 2021ರ ಡಿಸೆಂಬರ್ ತಿದ್ದುಪಡಿಯ ನಂತರ ಪಾಲಿಯೆಸ್ಟರ್‌ಗೂ ಒಪ್ಪಿಗೆಯಿದೆ. ಮನೆಯ ಮೇಲೆ ಹಗಲು ರಾತ್ರಿ ಹಾರಿಸುವವರಿಗೆ ಅದೇ ಅನುಕೂಲ.

ಏರಿಸುವಾಗ ಎಡವಟ್ಟಾಗುವುದು ಗಂಟಿನಲ್ಲಿ. ಮಡಿಸಿದ ಬಾವುಟಕ್ಕೆ ಹಗ್ಗವನ್ನು ಎರಡು ಸುತ್ತಿಗಿಂತ ಹೆಚ್ಚು ಸುತ್ತಬೇಡಿ. ಒಂದೇ ಜಾರುಗಂಟು ಹಾಕಿ, ಎಳೆಯುವ ತುದಿ ಉದ್ದ ಬಿಡಿ. ಒದ್ದೆ ಹಗ್ಗ ಗಂಟನ್ನು ಬಿಗಿಯುತ್ತದೆ, ಮುಖ್ಯ ಅತಿಥಿಗಳು ಜಗ್ಗಿದಷ್ಟೂ ಇನ್ನೂ ಬಿಗಿ! ಹಿಂದಿನ ಸಂಜೆಯೇ ರಾಟೆಗೆ ಎರಡು ತೊಟ್ಟು ಎಣ್ಣೆ ಬಿಟ್ಟು, ಒಮ್ಮೆ ಏರಿಸಿ ಇಳಿಸಿ ನೋಡಿ. ಕೇಸರಿಯ ಕಡೆಯ ಕುಣಿಕೆ ಮೇಲಿರಲಿ, ತಲೆಕೆಳಗಾಗುವುದು ಇಲ್ಲೇ. ಒಳಗೆ ಹೂವಿನ ಎಸಳಿಡಬಹುದು, ಒಂದು ಹಿಡಿ ಸಾಕು, ಒಣಗಿರಲಿ. ಒದ್ದೆ ಎಸಳು ಬಿಳಿ ಪಟ್ಟಿಗೆ ಕಲೆ ಮಾಡುತ್ತದೆ. ಜನವರಿ 26ಕ್ಕೆ ಬಾವುಟವನ್ನು ಮೊದಲೇ ತುದಿಗೆ ಕಟ್ಟಿಟ್ಟು ಬಿಚ್ಚುವುದು ರೂಢಿ, ಆಗಸ್ಟ್ 15ಕ್ಕೆ ಕೆಳಗಿನಿಂದ ಏರಿಸುವುದು.

ಇಳಿಸಿದ ಮೇಲೆ ನೆರಳಲ್ಲಿ ಪೂರ್ತಿ ಒಣಗಿಸಿ. ಹಸಿಯಾಗಿ ಮಡಿಸಿದರೆ ಜನವರಿಗೆ ತೆಗೆಯುವಾಗ ಬೂಷ್ಟು ಹಿಡಿದಿರುತ್ತದೆ. ಕೇಸರಿ, ಹಸಿರು ಪಟ್ಟಿಗಳನ್ನು ಬಿಳಿಯ ಅಡಿಗೆ ಮಡಚಿ, ಆಮೇಲೆ ಎರಡೂ ಬದಿಯಿಂದ ಮಡಿಸಿದರೆ ಚಕ್ರ ಮೇಲೆ ಉಳಿಯುತ್ತದೆ.