56 ಮೊಟ್ಟೆಯ ಮನೆಬಳಕೆಯ ಇನ್‌ಕ್ಯುಬೇಟರ್: ಎರಡು ಬಾರಿ ಮರಿ ಮಾಡಿಸಿದ ಮೇಲೆ

ಕಳೆದ ಫೆಬ್ರುವರಿಯಲ್ಲಿ ಆನ್‌ಲೈನ್ ಮೂಲಕ ತರಿಸಿಕೊಂಡ 56 ಮೊಟ್ಟೆಯ ಇನ್‌ಕ್ಯುಬೇಟರಿನಲ್ಲಿ ಇದುವರೆಗೆ ಎರಡು ಬಾರಿ ಮರಿ ಮಾಡಿಸಿದ್ದೇನೆ. ಮೊದಲನೆಯದು ಬೇಸಿಗೆ ಕಾಲಿಡುವ ಹೊತ್ತಿನಲ್ಲಿ, ಎರಡನೆಯದು ಆಷಾಢದ ಸೋನೆಯಲ್ಲಿ. ತಯಾರಕರ ಹೆಸರನ್ನು ಬರೆಯುತ್ತಿಲ್ಲ. ಇದೇ ಹಳದಿ ತಳ, ಇದೇ ಪಾರದರ್ಶಕ ಮುಚ್ಚಳದ ಪೆಟ್ಟಿಗೆ ಬೇರೆ ಬೇರೆ ಹೆಸರುಗಳಲ್ಲಿ ಮಾರಾಟವಾಗುತ್ತಿರುವುದರಿಂದ ಒಂದು ಹೆಸರನ್ನು ಹೊಗಳಿದರೂ ತೆಗಳಿದರೂ ಕೊಳ್ಳುವವರಿಗೆ ಹೆಚ್ಚಿನ ಉಪಯೋಗವಾಗದು. ನಾನು ಕೊಟ್ಟ ಬೆಲೆ 6,800 ರೂಪಾಯಿ.

ತಿಪಟೂರು ಕಡೆಯ ನಮ್ಮ ತೆಂಗಿನ ತೋಟದ ಮನೆಯಲ್ಲಿ ಸುಮಾರು ಇಪ್ಪತ್ತು ಹೇಂಟೆಗಳೂ ಎರಡು ಹುಂಜಗಳೂ ಇವೆ. ಅವುಗಳಲ್ಲಿ ಅರ್ಧ ನಾಟಿ, ಉಳಿದವು ಗಿರಿರಾಜ. ನಾಟಿ ಹೇಂಟೆಯನ್ನು ಕಾವಿಗೆ ಕೂರಿಸಿದರೆ ಹತ್ತು ಹನ್ನೆರಡು ಮೊಟ್ಟೆಗಳನ್ನು ಚೆನ್ನಾಗಿ ಮುಚ್ಚಿಕೊಳ್ಳುತ್ತದೆ, ಅದಕ್ಕಿಂತ ಹೆಚ್ಚಿಟ್ಟರೆ ಅಂಚಿನವು ತಣ್ಣಗಾಗಿ ಕೆಡುತ್ತವೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ರೂಪುಗೊಂಡ ಗಿರಿರಾಜ ತಳಿಯಂತೂ ಮೈಕಟ್ಟಿನಲ್ಲಿ ಎಷ್ಟೇ ಚೆನ್ನಾಗಿದ್ದರೂ ಕಾವಿಗೆ ಕೂರುವ ಗುಣವನ್ನು ಉಳಿಸಿಕೊಂಡಿಲ್ಲ. ಆದ್ದರಿಂದ ಅದರ ಮೊಟ್ಟೆಗಳಿಗೆ ಒಂದೋ ನಾಟಿ ಹೇಂಟೆಯ ಮಡಿಲು ಬೇಕು, ಇಲ್ಲವೇ ಯಂತ್ರ ಬೇಕು. ನಮ್ಮ ತಾಯಿ ಮಂಕರಿಗೆ ರಾಗಿಹುಲ್ಲು ಹಾಸಿ, ಗುಡುಗಿಗೆ ಮೊಟ್ಟೆ ಕೆಡದಿರಲೆಂದು ಒಂದು ಚೂರು ಕಬ್ಬಿಣವನ್ನೂ ಇದ್ದಿಲನ್ನೂ ಇಟ್ಟು ಹೇಂಟೆ ಕೂರಿಸುತ್ತಿದ್ದರು; ಆ ಮಂಕರಿ ಈಗಲೂ ಮನೆಯಲ್ಲಿದೆ, ಅದರ ಮಾತು ಕೊನೆಯಲ್ಲಿ ಬರುತ್ತದೆ.

ಪೆಟ್ಟಿಗೆಯೊಳಗೆ ಏನಿದೆ ಎಂಬುದನ್ನು ಬೇಗ ಹೇಳಿ ಮುಗಿಸಬಹುದು. ಮುಚ್ಚಳದಲ್ಲಿ ಹೀಟರ್ ತಂತಿ, ಒಂದು ಸಣ್ಣ ಫ್ಯಾನ್, ಉಷ್ಣಾಂಶ ಮತ್ತು ತೇವಾಂಶ ತೋರಿಸುವ ಪರದೆ. ನಡುವೆ ಎರಡು ಗಂಟೆಗೊಮ್ಮೆ ಮೊಟ್ಟೆಗಳನ್ನು ಉರುಳಿಸುವ ರೋಲರ್ ತಟ್ಟೆ. ತಳದಲ್ಲಿ ನೀರು ನಿಲ್ಲಿಸಲು ಎರಡು ಕಾಲುವೆಗಳು. ಪೆಟ್ಟಿಗೆಯ ಮೇಲೆ "ಪೂರ್ತಿ ಆಟೋಮ್ಯಾಟಿಕ್" ಎಂದು ಅಚ್ಚು ಹಾಕಿದ್ದಾರೆ. ನನ್ನ ಅನುಭವದಲ್ಲಿ ಆ ಮಾತು ಮೊಟ್ಟೆ ಉರುಳಿಸುವ ಕೆಲಸಕ್ಕೆ ಮಾತ್ರ, ಅದೂ ಭಾಗಶಃ, ಹೊಂದುತ್ತದೆ. ಉಳಿದದ್ದೆಲ್ಲ ಇಟ್ಟವರ ಕಣ್ಣಿನ ಮೇಲೆಯೇ ನಿಂತಿದೆ.

ಎಲ್ಲಕ್ಕಿಂತ ಮುಖ್ಯವಾದುದು ಉಷ್ಣಾಂಶ. ಫ್ಯಾನ್ ಇರುವ ಪೆಟ್ಟಿಗೆಯಲ್ಲಿ ಕೋಳಿಮೊಟ್ಟೆಗೆ ಬೇಕಾದದ್ದು 37.5 ಡಿಗ್ರಿ ಸೆಲ್ಸಿಯಸ್, ಅಂದರೆ 99.5 ಡಿಗ್ರಿ ಫ್ಯಾರನ್‌ಹೀಟ್. ಅರ್ಧ ಡಿಗ್ರಿಯ ವ್ಯತ್ಯಾಸವೂ ಇಪ್ಪತ್ತೊಂದು ದಿನ ಮುಂದುವರಿದರೆ ಮರಿಯ ಮೇಲೆ ಪರಿಣಾಮ ಕಾಣಿಸುತ್ತದೆ. ಮೊದಲ ಬಾರಿ ನಾನು ಪರದೆಯಲ್ಲಿ ಕಂಡ 37.5ನ್ನು ನಂಬಿ 48 ಮೊಟ್ಟೆಗಳನ್ನಿಟ್ಟೆ. ಇಪ್ಪತ್ತೊಂದನೆಯ ದಿನ ಒಂದೂ ಒಡೆಯಲಿಲ್ಲ. ಇಪ್ಪತ್ತೆರಡರ ಸಂಜೆ ಮೊದಲ ಬಿರುಕು ಕಂಡು, ಇಪ್ಪತ್ನಾಲ್ಕರವರೆಗೂ ಒಂದೊಂದಾಗಿ ಎಳೆದಾಡಿಕೊಂಡು ಬಂದ ಮರಿಗಳಲ್ಲಿ ಹಲವು ಹೊಟ್ಟೆ ಉಬ್ಬಿ ನಿಲ್ಲಲಾರದಂತಿದ್ದವು. ಕಾವು ಕಡಿಮೆಯಾದರೆ ಹೀಗೆ ತಡವಾಗುತ್ತದೆ, ಹೆಚ್ಚಾದರೆ ಮರಿಗಳು ಮುಂಚೆಯೇ ಬಂದು ಹೊಕ್ಕುಳು ಮುಚ್ಚದೆ ಉಳಿಯುತ್ತವೆ.

ಆಮೇಲೆ ಪರೀಕ್ಷಿಸಲು ನಾನು ಬಳಸಿದ್ದು ಮನೆಯಲ್ಲಿದ್ದ, ಜ್ವರ ನೋಡುವ ಪಾದರಸದ ಗಾಜಿನ ಥರ್ಮಾಮೀಟರನ್ನು. ನಮಗೆ ಬೇಕಾದ 99.5 ಡಿಗ್ರಿ ಅದರ ಅಳತೆಪಟ್ಟಿಯ ನಡುಭಾಗದಲ್ಲೇ ಬರುವುದರಿಂದ ಈ ಕೆಲಸಕ್ಕೆ ಅದರಷ್ಟು ಒದಗುವ ಸಾಧನ ಮನೆಯಲ್ಲಿ ಬೇರೊಂದಿಲ್ಲ. ಅದನ್ನು ಚೆನ್ನಾಗಿ ಕೊಡವಿ, ಮೊಟ್ಟೆಯ ಎತ್ತರದಲ್ಲಿ ಮಲಗಿಸಿ, ಮುಚ್ಚಳ ಹಾಕಿ, ಇಪ್ಪತ್ತು ನಿಮಿಷದ ಬಳಿಕ ನೋಡಿದರೆ ಪೆಟ್ಟಿಗೆಯ ನಡುವೆ 98.2, ಮೂಲೆಯಲ್ಲಿ 97.4 ಇತ್ತು. ಜ್ವರದ ಥರ್ಮಾಮೀಟರ್ ತಾನು ಕಂಡ ಗರಿಷ್ಠ ಮಟ್ಟವನ್ನೇ ಹಿಡಿದಿಟ್ಟುಕೊಳ್ಳುವುದರಿಂದ ನಿಜವಾದ ಸರಾಸರಿ ಅದಕ್ಕೂ ಕೊಂಚ ಕೆಳಗಿದ್ದಿರಬೇಕು. ಪರದೆಯ ಕೆಳಗಿನ ಸೆಟ್ ಬಟನ್ನನ್ನು ಒತ್ತಿ ಹಿಡಿದರೆ ಬರುವ ಪಟ್ಟಿಯಲ್ಲಿ "ಸಿಎ" ಎಂಬ ಅಕ್ಷರಗಳಿವೆ. ಸಂವೇದಕದ ತಪ್ಪನ್ನು ಸರಿಪಡಿಸುವುದು ಅಲ್ಲಿಯೇ. ಇದನ್ನು ಜೊತೆಗೆ ಬಂದ ಇಂಗ್ಲಿಷ್ ಚೀಟಿಯ ಕೊನೆಯ ಸಾಲಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ ಅಚ್ಚು ಹಾಕಿರುವುದು ನನಗೆ ನಿಜಕ್ಕೂ ಬೇಸರ ತಂದಿತು, ಏಕೆಂದರೆ ಆ ಒಂದು ಸಾಲು ತಿಳಿಯದೆ ನನ್ನ ಹದಿಮೂರು ಮರಿಗಳು ಚಿಪ್ಪಿನೊಳಗೇ ಸತ್ತವು. ಮೊಟ್ಟೆ ಇಡುವ ಮೊದಲು ಖಾಲಿ ಪೆಟ್ಟಿಗೆಯನ್ನು ಒಂದು ಹಗಲು ಒಂದು ರಾತ್ರಿ ಓಡಿಸಿ, ನಡುವೆಯೂ ನಾಲ್ಕು ಮೂಲೆಗಳಲ್ಲೂ ಅಳತೆ ನೋಡಿಕೊಳ್ಳುವುದನ್ನು ಯಾರೂ ಬಿಡಬಾರದು. ಮೂಲೆಯ ಮೊಟ್ಟೆಗಳನ್ನು ವಾರಕ್ಕೆರಡು ಬಾರಿ ನಡುವಿಗೆ ಬದಲಿಸುವುದೂ ಒಳ್ಳೆಯದು.

ತೇವಾಂಶದ ಅಂಕಿಯನ್ನೂ ಹಾಗೆಯೇ ನಂಬಬಾರದು. ಮೊದಲ ಹದಿನೆಂಟು ದಿನ ಶೇ. 50ರ ಆಸುಪಾಸು, ಕೊನೆಯ ಮೂರು ದಿನ ಶೇ. 65ರಿಂದ 70 ಎಂಬುದು ಸಾಮಾನ್ಯ ಲೆಕ್ಕ. ಪೆಟ್ಟಿಗೆಯ ಸಂವೇದಕ ಮುಚ್ಚಳಕ್ಕೆ ಅಂಟಿಕೊಂಡಿರುವುದರಿಂದ ಅದನ್ನು ಬಿಡಿಸಿ ಪರೀಕ್ಷಿಸಲಾಗದು. ಹಾಗಾಗಿ ಸಣ್ಣದೊಂದು ತೇವಮಾಪಕವನ್ನು ಬೇರೆಯಾಗಿ ಕೊಂಡು, ಅಡುಗೆ ಉಪ್ಪನ್ನು ನೀರಿನಲ್ಲಿ ಒದ್ದೆ ಮರಳಿನಂತೆ ಕಲಸಿದ ಬಟ್ಟಲಿನೊಂದಿಗೆ ಬಿಗಿಯಾದ ಡಬ್ಬಿಯಲ್ಲಿ ರಾತ್ರಿಯಿಡೀ ಮುಚ್ಚಿಟ್ಟೆ. ಹಾಗಿಟ್ಟಾಗ ಡಬ್ಬಿಯೊಳಗಿನ ತೇವಾಂಶ ಶೇ. 75ಕ್ಕೆ ಬಂದು ನಿಲ್ಲುತ್ತದೆ. ಮಾಪಕ ಬೇರೇನಾದರೂ ತೋರಿಸಿದರೆ ಅದರ ತಪ್ಪು ಎಷ್ಟೆಂದು ತಿಳಿಯುತ್ತದೆ. ನನ್ನದು 71 ತೋರಿಸಿತು. ಬೇಸಿಗೆಯಲ್ಲಿ ನಮ್ಮ ಬಯಲುಸೀಮೆಯ ಒಣಗಾಳಿಗೆ ಒಂದು ಕಾಲುವೆಯ ನೀರು ಸಾಲದೆ ಎರಡನೆಯದನ್ನೂ ಅರ್ಧ ತುಂಬಬೇಕಾಯಿತು, ಆಷಾಢದಲ್ಲಿ ಒಂದು ಕಾಲುವೆಯೇ ಹೆಚ್ಚಾಯಿತು. ಅಂಕಿಗಳಿಗಿಂತಲೂ ನಂಬಿಕೆಯ ಸಾಕ್ಷಿ ಮೊಟ್ಟೆಯ ತೂಕ. ಹದಿನೆಂಟನೆಯ ದಿನದ ಹೊತ್ತಿಗೆ ಮೊಟ್ಟೆ ತನ್ನ ತೂಕದಲ್ಲಿ ಸುಮಾರು ಶೇ. 12ರಷ್ಟನ್ನು ನೀರಾವಿಯಾಗಿ ಕಳೆದುಕೊಳ್ಳಬೇಕು. 45 ಗ್ರಾಂ ಇದ್ದ ನಾಟಿ ಮೊಟ್ಟೆ 39.5 ಗ್ರಾಮಿನ ಸುತ್ತಮುತ್ತ ಬಂದಿದ್ದರೆ ಒಳಗಿನ ಗಾಳಿಗೂಡು ಸರಿಯಾಗಿ ಬೆಳೆದಿದೆ ಎಂದರ್ಥ. ಅಡುಗೆಮನೆಯ ತಕ್ಕಡಿಯಲ್ಲಿ ಗುರುತು ಹಾಕಿದ ಐದಾರು ಮೊಟ್ಟೆಗಳನ್ನು ವಾರಕ್ಕೊಮ್ಮೆ ತೂಗಿದರೆ ಸಾಕು.

ರೋಲರ್ ತಟ್ಟೆಯ ಬಗ್ಗೆ ನನ್ನ ದೂರು ಸ್ಪಷ್ಟವಾಗಿದೆ: ಅದನ್ನು ಫಾರಂ ಮೊಟ್ಟೆಯ ಗಾತ್ರಕ್ಕೆ ಮಾಡಿದ್ದಾರೆ. ಗಿರಿರಾಜದ ದೊಡ್ಡ ಮೊಟ್ಟೆಗಳು ಅದರಲ್ಲಿ ಸರಾಗವಾಗಿ ಉರುಳುತ್ತವೆ, ನಾಟಿಯ ಸಣ್ಣ ಮೊಟ್ಟೆಗಳು ಎರಡು ರೋಲರುಗಳ ನಡುವೆ ಕುಸಿದು ಇದ್ದಲ್ಲೇ ಇರುತ್ತವೆ. ಒಂದು ಬದಿಗೆ ಪೆನ್ಸಿಲಿನಿಂದ ಗುಣಾಕಾರದ ಗುರುತು, ಇನ್ನೊಂದು ಬದಿಗೆ ಸೊನ್ನೆ ಬರೆದಿಟ್ಟಿದ್ದರಿಂದ ಇದು ತಿಳಿಯಿತು. ಉರುಳದ ಮೊಟ್ಟೆಯಲ್ಲಿ ಭ್ರೂಣ ಚಿಪ್ಪಿನ ಪೊರೆಗೆ ಅಂಟಿಕೊಂಡು ಸಾಯುತ್ತದೆ. ರೋಲರುಗಳಿಗೆ ರಬ್ಬರ್ ಬ್ಯಾಂಡ್ ಸುತ್ತಿ ದಪ್ಪ ಮಾಡಿದ ಮೇಲೆ ತೊಂದರೆ ಬಹುಪಾಲು ನಿಂತಿತು, ಆದರೂ ಬೆಳಿಗ್ಗೆ ಸಂಜೆ ಒಮ್ಮೆ ಗುರುತು ನೋಡಿ, ಹಾಗೇ ಉಳಿದವನ್ನು ಕೈಯಿಂದ ತಿರುಗಿಸುತ್ತಿದ್ದೆ. ಎರಡನೆಯ ಬಾರಿ ಹನ್ನೊಂದನೆಯ ದಿನ ತಟ್ಟೆಯ ಮೋಟಾರೇ ನಿಂತಿತು. ಮಾರಿದವರಿಂದ ಉತ್ತರ ಬಂದದ್ದು ಒಂಬತ್ತು ದಿನದ ಮೇಲೆ. ಅಷ್ಟರಲ್ಲಿ ಊರಿನ ಮೋಟಾರ್ ರಿಪೇರಿ ಅಂಗಡಿಯವರು ಬಿಚ್ಚಿ, ಸಡಿಲವಾಗಿದ್ದ ತಂತಿಯನ್ನು ಬೆಸೆದು ಕೊಟ್ಟಿದ್ದರು. ಜೀವವಿರುವ ವಸ್ತುವನ್ನು ಒಳಗಿಡುವ ಯಂತ್ರ ಮಾರುವವರು ಒಂಬತ್ತು ದಿನ ಸುಮ್ಮನಿರುವುದನ್ನು ನಾನು ಸಣ್ಣ ತಪ್ಪೆಂದು ಎಣಿಸಲಾರೆ.

ಈ ಪೆಟ್ಟಿಗೆಗೆ 12 ವೋಲ್ಟ್ ಬ್ಯಾಟರಿಯನ್ನೂ ಜೋಡಿಸಬಹುದು ಎಂಬುದು ಹಳ್ಳಿಯಲ್ಲಿರುವವರಿಗೆ ದೊಡ್ಡ ಅನುಕೂಲ, ಕರೆಂಟು ಹೋದೊಡನೆ ಅದು ತಾನಾಗಿ ಬ್ಯಾಟರಿಗೆ ಬದಲಾಗುತ್ತದೆ. ಬ್ಯಾಟರಿ ಇಲ್ಲದವರು ಕರೆಂಟು ಹೋದಾಗ ಗಾಬರಿಯಿಂದ ಮುಚ್ಚಳ ತೆಗೆಯದೆ, ಗಾಳಿಯ ರಂಧ್ರಗಳನ್ನು ಬಿಟ್ಟು ಉಳಿದೆಡೆ ಕಂಬಳಿ ಹೊದಿಸಿದರೆ ಒಂದೆರಡು ಗಂಟೆಗಳನ್ನು ದಾಟಿಸಬಹುದು. ಹೇಂಟೆಯೂ ದಿನಕ್ಕೊಮ್ಮೆ ಮೇಯಲು ಎದ್ದುಹೋಗುತ್ತದಲ್ಲವೇ.

ಏಳನೆಯ ದಿನ ಕತ್ತಲೆಯ ಕೋಣೆಯಲ್ಲಿ ಟಾರ್ಚ್ ಹಿಡಿದು ನೋಡಿದಾಗ ಜೇಡರ ಬಲೆಯಂತೆ ರಕ್ತನಾಳಗಳು ಹರಡಿರುವ ಮೊಟ್ಟೆಗಳನ್ನು ಉಳಿಸಿಕೊಂಡು, ಏನೂ ಕಾಣದ ತಿಳಿಮೊಟ್ಟೆಗಳನ್ನು ತೆಗೆಯಬೇಕು. ಅಂಗಡಿಯ ಫಾರಂ ಮೊಟ್ಟೆ ತಂದಿಟ್ಟು ಕಾಯುವವರನ್ನು ಕಂಡಿದ್ದೇನೆ. ಮೊಟ್ಟೆಯ ಫಾರಂಗಳಲ್ಲಿ ಹುಂಜವೇ ಇರುವುದಿಲ್ಲವಾದ್ದರಿಂದ ಅವುಗಳಿಂದ ಮರಿ ಬರುವುದು ಸಾಧ್ಯವಿಲ್ಲ. ನಮ್ಮವೇ ಮೊಟ್ಟೆಗಳಾದರೂ ಫ್ರಿಜ್ಜಿನಲ್ಲಿಡದೆ, ನೀರಿನಿಂದ ತೊಳೆಯದೆ, ಒಂದು ವಾರದೊಳಗಿನವನ್ನೇ ಆರಿಸಬೇಕು.

ಹದಿನೆಂಟನೆಯ ದಿನ ತಟ್ಟೆಯನ್ನು ಹೊರತೆಗೆದು ಮೊಟ್ಟೆಗಳನ್ನು ತಳದ ಜಾಲರಿಯ ಮೇಲಿಡುವಂತೆ ಚೀಟಿಯಲ್ಲಿದೆ. ಆ ಪ್ಲಾಸ್ಟಿಕ್ ಜಾಲರಿ ಬಹಳ ನುಣುಪು. ಮೊದಲ ಬಾರಿ ಎರಡು ಮರಿಗಳು ಅದರ ಮೇಲೆ ಜಾರಿ ಜಾರಿ ಕಾಲುಗಳನ್ನು ಅಗಲಿಸಿಕೊಂಡು, ಮುಂದೆ ನಡೆಯಲೇ ಇಲ್ಲ. ಎರಡನೆಯ ಬಾರಿ ಕುದಿಸಿ ಒಣಗಿಸಿದ ಗೋಣಿತಟ್ಟಿನ ತುಂಡನ್ನು ಹಾಸಿದೆ, ಒಂದಕ್ಕೂ ಹಾಗಾಗಲಿಲ್ಲ. ಈ ಮೂರು ದಿನ ಮುಚ್ಚಳ ತೆರೆಯದಿರುವುದೇ ದೊಡ್ಡ ಸಂಯಮ. ಇಪ್ಪತ್ತನೆಯ ದಿನ ಒಡೆಯದ ಮೊಟ್ಟೆಯೊಳಗಿನಿಂದಲೇ ಚಿಂವ್ ಎಂಬ ದನಿ ಕೇಳಿಸುತ್ತದೆ; ಚಿಪ್ಪಿನಲ್ಲಿ ತೂತು ಬಿದ್ದ ಮೇಲೂ ಮರಿ ಪೂರ್ತಿ ಹೊರಬರಲು ಹನ್ನೆರಡರಿಂದ ಇಪ್ಪತ್ನಾಲ್ಕು ಗಂಟೆ ಹಿಡಿಯಬಹುದು. ಅಯ್ಯೋ ಪಾಪವೆಂದು ಆಗ ಮುಚ್ಚಳ ತೆಗೆದು ಸಹಾಯಕ್ಕೆ ಹೋದರೆ ಒಳಗಿನ ತೇವ ಹಾರಿ, ಪೊರೆ ಒಣಗಿ, ಉಳಿದ ಮರಿಗಳು ಅದರಲ್ಲೇ ಸಿಕ್ಕಿಕೊಳ್ಳುತ್ತವೆ. ಹೊರಬಂದ ಮರಿ ಹೊಟ್ಟೆಯೊಳಗೆ ಸೇರಿಸಿಕೊಂಡ ಹಳದಿಯ ಬಲದಿಂದ ಎರಡು ದಿನ ಮೇವು ನೀರಿಲ್ಲದೆಯೂ ಇರಬಲ್ಲದು, ಹಾಗಾಗಿ ಅವಸರಕ್ಕೆ ಕಾರಣವಿಲ್ಲ.

ಫಲಿತಾಂಶ ಹೀಗಿದೆ. ಮೊದಲ ಬಾರಿ 48ರಲ್ಲಿ 9 ತಿಳಿಮೊಟ್ಟೆ, 4 ನಡುವೆ ಸತ್ತವು, ಉಳಿದ 35ರಲ್ಲಿ ಬಂದವು 22. ಪರದೆಯ ತಪ್ಪನ್ನು ತಿದ್ದಿ, ರೋಲರ್ ದಪ್ಪ ಮಾಡಿದ ಎರಡನೆಯ ಬಾರಿ 48ರಲ್ಲಿ 6 ತಿಳಿಮೊಟ್ಟೆ, 2 ಸತ್ತವು, ಉಳಿದ 40ರಲ್ಲಿ 35 ಮರಿಗಳು ಇಪ್ಪತ್ತರ ರಾತ್ರಿಯಿಂದ ಇಪ್ಪತ್ತೊಂದರ ರಾತ್ರಿಯೊಳಗೆ ಬಂದವು. ಪೆಟ್ಟಿಗೆ ಅದೇ. ಇದರಿಂದಲೇ ಅದರ ಮೈ ಒಳ್ಳೆಯದೆಂದೂ ಅಳತೆ ಕೆಟ್ಟದ್ದೆಂದೂ ಹೇಳುತ್ತಿದ್ದೇನೆ. ಶುಚಿ ಮಾಡುವುದು ಕಷ್ಟವಲ್ಲ. ತಳವನ್ನು ಸೋಪಿನಲ್ಲಿ ತೊಳೆದು ಬಿಸಿಲಿಗಿಡಬಹುದು, ಮುಚ್ಚಳವನ್ನು ಮಾತ್ರ ಒದ್ದೆಬಟ್ಟೆಯಲ್ಲಿ ಒರೆಸಿ, ಫ್ಯಾನಿಗೆ ಅಂಟಿದ ತುಪ್ಪುಳನ್ನು ಕುಂಚದಿಂದ ತೆಗೆಯಬೇಕು.

ನಾಲ್ಕೈದು ಹೇಂಟೆ ಸಾಕಿರುವವರಿಗೆ ಇದರ ಅಗತ್ಯವಿಲ್ಲ, ಕಾವು ಕೂತ ಒಂದು ಹೇಂಟೆ ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ. ಹದಿನೈದಕ್ಕಿಂತ ಹೆಚ್ಚಿರುವವರು, ಕಾವಿಗೆ ಕೂರದ ತಳಿಗಳನ್ನು ಸಾಕುವವರು, ಮೂರು ವಾರ ಮನೆಯಲ್ಲಿದ್ದು ದಿನಕ್ಕೆರಡು ಬಾರಿ ನೋಡಬಲ್ಲವರು ಧೈರ್ಯವಾಗಿ ಕೊಳ್ಳಬಹುದು. ಮರಿಗಳಿಗೆ ಮೊದಲ ವಾರ ಸುಮಾರು 35 ಡಿಗ್ರಿ ಬಿಸಿಯ ಬ್ರೂಡರ್, ಅಂದರೆ ಮರಿಗಳನ್ನು ಬೆಚ್ಚಗಿಡುವ ಗೂಡು, ಬೇಕು, ವಾರದೊಳಗೆ ಕೊಕ್ಕರೆ ರೋಗಕ್ಕೆ (ರಾಣಿಖೇತ್) ಲಸೋಟ ಎಂಬ ಲಸಿಕೆಯ ಹನಿ ಹಾಕಿಸಬೇಕು. ಈ ಖರ್ಚನ್ನೂ ಬೆಲೆಯ ಜೊತೆ ಎಣಿಸಿಕೊಳ್ಳಬೇಕು.

ಬ್ರೂಡರಿನ ಹೊರೆಯನ್ನು ಎರಡನೆಯ ಬಾರಿ ಸ್ವಲ್ಪ ಇಳಿಸಿಕೊಂಡೆ. ಯಂತ್ರಕ್ಕೆ ಮೊಟ್ಟೆ ಇಟ್ಟ ದಿನವೇ ಒಂದು ನಾಟಿ ಹೇಂಟೆಯನ್ನು ತಾಯಿಯ ಹಳೆಯ ಮಂಕರಿಯಲ್ಲಿ ಎಂಟು ಅಂಗಡಿ ಮೊಟ್ಟೆಗಳ ಮೇಲೆ ಕೂರಿಸಿದ್ದೆ. ಮರಿಗಳ ಮೈ ಒಣಗಿದ ರಾತ್ರಿ, ದೀಪ ಹಚ್ಚದೆ, ಆ ಮೊಟ್ಟೆಗಳನ್ನು ಒಂದೊಂದಾಗಿ ತೆಗೆದು ಹನ್ನೆರಡು ಮರಿಗಳನ್ನು ಅದರ ರೆಕ್ಕೆಯಡಿಗೆ ಸರಿಸಿದೆ. ಹೇಂಟೆ ಒಮ್ಮೆ ಮೈ ಉಬ್ಬಿಸಿ, ಮತ್ತೆ ತಗ್ಗಿ ಕೂತಿತು. ಬೆಳಗಾಗುವ ಹೊತ್ತಿಗೆ ಲೊಕ್ ಲೊಕ್ ಎಂದು ಕರೆಯುತ್ತ ಹನ್ನೆರಡನ್ನೂ ತಿಪ್ಪೆಯ ಕಡೆಗೆ ನಡೆಸಿಕೊಂಡು ಹೊರಟಿತ್ತು.